ಜ್ವಾಳ ಹೆಚ್ಚಾಗ್ಯಾವ

ಸರಕಾರಕ್ಕೆ ಕಿವಿಯಿಲ್ಲ ಎಂದು ಬೈದು ಬೈದೇ ನಮ್ಮ ಹಿರಿಯರು ಸತ್ತರು. ನಮ್ಮ ಕಾಲಕ್ಕೆ ಅದಕ್ಕೆ ಕಿವಿ ಬಂತು. ಬಂದ ಮೇಲೆ ಏನಾಯಿತೆಂಬುದನ್ನು ನಾನು ಹೇಳುವುದೇ ಸರಿ, ಏಕೆಂದರೆ ಆ ಕಿವಿಯ ಮೊದಲ ಏಟು ಬಿದ್ದದ್ದು ನನ್ನ ಅಂಗಡಿಯ ಮೇಲೆ.

ನನ್ನ ಹೆಸರು ಸುಗಲಾಬಾಯಿ. ಎರೆಗೋನಾಳದಲ್ಲಿ ಕಂಪ್ಯೂಟರ್ ಸುಗಲಾ ಅನ್ನುತ್ತಾರೆ. ಬಸ್ಸು ನಿಲ್ಲುವ ಬೇವಿನ ಗಿಡದ ಪಕ್ಕ, ತಗಡಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಊರವರಿಗೆ ಪಿಂಚಣಿ, ರೇಷನ್, ಪಹಣಿ ಎಲ್ಲ ಆನ್‌ಲೈನಿನಲ್ಲಿ ಮಾಡಿಕೊಡುತ್ತಿದ್ದೆ. ನೆಟ್‌ವರ್ಕ್ ಬಂದರೆ ಕರೆಂಟ್ ಹೋಗುತ್ತಿತ್ತು. ಎರಡೂ ಬಂದರೆ ಮುದುಕರ ಹೆಬ್ಬೆರಳಿನ ಗೆರೆ ಹತ್ತುತ್ತಿರಲಿಲ್ಲ. ಜೀವಮಾನವೆಲ್ಲ ಕಳೆ ಕಿತ್ತ ಬೆರಳಿಗೆ ಗೆರೆ ಎಲ್ಲಿಂದ ಬರಬೇಕು? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿಗೆ ಸಲ್ಲಬೇಕಾದ ಬೈಗುಳವೆಲ್ಲ ನನ್ನ ಪಾಲಿಗೇ ಬರುತ್ತಿತ್ತು.

ಆಗ ಜನಾಲಿಕೆ ನಿಗಮದವರು ಊರೂರಿಗೆ ಕಂಬ ನೆಟ್ಟರು. ಆಳೆತ್ತರದ ಬೂದು ಕಂಬ, ತಲೆಯ ಮೇಲೆ ಸೌರಫಲಕ, ಬಾಯಿಯ ಮಟ್ಟಕ್ಕೆ ಒಂದು ಜಾಲರಿ. ನಾವದನ್ನು ಕಿವಿಗಂಬ ಎಂದು ಕರೆದೆವು. ಅರ್ಜಿ ಬೇಡ, ಬೆರಳು ಬೇಡ, ಓಟಿಪಿ ಬೇಡ. ಎದುರು ನಿಂತು ಕಷ್ಟ ಹೇಳಿದರೆ ಸಾಕು. ದನಿಯ ಮೇಲೆ ಯಾರೆಂದು ಗುರುತು ಹಿಡಿಯುತ್ತಿತ್ತು, ಆಡಿದ ಮಾತನ್ನು ಒಡೆದು ಇವರಿಗೆ ಏನು ಬೇಕು, ಎಷ್ಟು ಬೇಕು, ಎಷ್ಟು ಬೇಗ ಬೇಕು ಎಂದು ಲೆಕ್ಕ ಹಾಕುತ್ತಿತ್ತು, ಉಪಗ್ರಹದ ಮೂಲಕ ಜಿಲ್ಲೆಯ ಆಲಿಕೆ ಕೇಂದ್ರಕ್ಕೆ ಕಳಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದರಿಂದ ಒಳ್ಳೆಯದೂ ಆಯಿತು. ಸಾಹೇಬರ ಎದುರು ತುಟಿ ಬಿಚ್ಚದ ಹೆಂಗಸರು ಕಂಬದ ಎದುರು ತಾಸುಗಟ್ಟಲೆ ಮಾತಾಡಿದರು. ನಿಂತುಹೋಗಿದ್ದ ಪಿಂಚಣಿಗಳು ಬಂದವು. ನನ್ನ ಖೋಲಿಗೆ ಬೀಗ ಬಿತ್ತು, ನಾನು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋದೆ. ಆ ಕಂಬದ ಮುಂದೆ ಹಾಯುವಾಗೆಲ್ಲ ಅದಕ್ಕೊಂದು ಬೈಗುಳ ಹಾಕಿಯೇ ಮುಂದೆ ಹೋಗುತ್ತಿದ್ದೆ. ಅದು ಪ್ರತಿಸಲವೂ ನಮಸ್ಕಾರ ಅನ್ನುತ್ತಿತ್ತು.

ಮುಂದೆ ನಿಗಮದವರು ಇನ್ನೊಂದು ಹೆಜ್ಜೆ ಹೋದರು. ರೇಷನ್ನನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವುದು ದಂಡ, ಮನೆಮನೆಯನ್ನೂ ಕೇಳಿ ಕೊಡಬೇಕು ಅಂದರು. ತಿಂಗಳ ಮೊದಲಿಗೆ ಮನೆಯ ಹೆಂಗಸು ಕಂಬದ ಮುಂದೆ ನಿಲ್ಲಬೇಕು. ಕಂಬ ಕೇಳುತ್ತದೆ, ಅವಳು ಹೇಳುತ್ತಾಳೆ, ಅದರಂತೆ ಧಾನ್ಯ ಬರುತ್ತದೆ. ಹೆಚ್ಚಿದ್ದ ಊರಿಗೆ ಲಾರಿ ಬಂದು ಧಾನ್ಯ ಹೊತ್ತು ಕಡಿಮೆಯಿದ್ದ ಊರಿಗೆ ಒಯ್ಯುತ್ತದೆ. ಕೇಳಲಿಕ್ಕೆ ರಾಮರಾಜ್ಯ. ನಮ್ಮೂರಿಗೆ ಅದು ಬಂದ ತಿಂಗಳಿನಿಂದ ಜೋಳ ಬರುವುದು ನಿಂತಿತು.

ನನ್ನ ಗೋಡೆಗೆ ಹೊಂದಿದ ಮನೆ ಯಮನವ್ವನದು. ಗಂಡ ತೀರಿಹೋದ ಮೇಲೆ ಹೊಲದ ಕೂಲಿಯಲ್ಲೇ ಮಗಳನ್ನು ಬೆಳೆಸಿ ಮದುವೆ ಮಾಡಿದವಳು. ಆ ಮಗಳು ಲಗಮವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಬಾಣಂತಿಯ ಹೊಟ್ಟೆ ಎರಡು ಹೊಟ್ಟೆ. ಬಿಸಿ ರೊಟ್ಟಿ, ನುಚ್ಚು, ಅಳ್ವಿ ಕಾಳಿನ ಪಾಯಸ ಬಿದ್ದರೆ ಹಾಲು ಇಳಿಯುತ್ತದೆ. ಯಮನವ್ವ ಮೊದಲ ತಿಂಗಳು ಮನೆಯಲ್ಲಿದ್ದ ಜೋಳದಲ್ಲಿ ತೂಗಿಸಿದಳು. ಎರಡನೆಯ ತಿಂಗಳು ತಾನು ಅಂಬಲಿ ಕುಡಿದು ಮಗಳಿಗೆ ರೊಟ್ಟಿ ಬಡಿದಳು. ಆಮೇಲೆ ಲಗಮವ್ವನಿಗೂ ಅಂಬಲಿಯೇ ಆಯಿತು. ಕೂಸು ಎದೆಗೆ ಬಾಯಿ ಹಚ್ಚಿ, ಎಳೆದು, ಸಿಗದೆ ಅಳುವ ಸದ್ದು ಗೋಡೆ ದಾಟಿ ನನ್ನ ಕಿವಿಗೆ ಬರುತ್ತಿತ್ತು.  ಕೊಡೋಣವೆಂದರೆ ನನ್ನ ಗಡಿಗೆಯದೂ ಅದೇ ಹಾಡು, ಓಣಿಯ ಎಲ್ಲರದೂ ಅದೇ.

ಕಂಬವನ್ನು ಕೇಳಿದರೆ ಸಕ್ಕರೆಯಂಥ ದನಿಯಲ್ಲಿ, ನಿಮ್ಮ ಮನೆ ಸಮೃದ್ಧ ವರ್ಗದಲ್ಲಿದೆ, ಅಭಿನಂದನೆಗಳು ಅನ್ನುತ್ತಿತ್ತು. ಯಾರು ಹೇಳಿದರು ಎಂದರೆ, ನೀವೇ ನೀಡಿದ ಮಾಹಿತಿ ಅನ್ನುತ್ತಿತ್ತು. ಓಣಿಯಲ್ಲಿ ಜಗಳ ಹತ್ತಿತು. ನೀನು ನನ್ನ ಮೇಲೆ ಚಾಡಿ ಹೇಳಿದಿ, ನೀನು ನನ್ನ ದನಿ ಅಣಕಿಸಿದಿ ಎಂದು ಹೆಂಗಸರು ಒಬ್ಬರ ಮೋರೆ ಒಬ್ಬರು ನೋಡದಂತಾದರು. ಕೊನೆಗೆ ನಾನೇ ಯಮನವ್ವನ ಕೈ ಹಿಡಿದು ಜಿಲ್ಲೆಯ ಬಸ್ಸು ಹತ್ತಿಸಿದೆ.

ಆಲಿಕೆ ಕೇಂದ್ರವೆಂದರೆ ಒಳಗೆ ಕಾಲಿಟ್ಟೊಡನೆ ಮೈ ತಣ್ಣಗಾಗುವ ದೊಡ್ಡ ಹಾಲು. ಗೋಡೆಯ ತುಂಬ ನಕಾಶೆ. ಹಸಿದ ಊರು ಕೆಂಪು, ಉಂಡ ಊರು ಹಸಿರು. ನಮ್ಮ ಎರೆಗೋನಾಳ ಗಿಣಿಯಂತೆ ಹಸಿರಾಗಿತ್ತು. ಅಲ್ಲಿನ ಮುಖ್ಯಸ್ಥರು ವಿಭಾಕರ ಎಂಬುವರು, ಮೈಸೂರು ಕಡೆಯವರು. ಕೆಟ್ಟ ಮನುಷ್ಯರಲ್ಲ. ಕುರ್ಚಿ ಹಾಕಿಸಿ ಚಹಾ ತರಿಸಿದರು. ಕಂಬಕ್ಕೆ ನಿಮ್ಮ ಕಡೆಯ ಉಚ್ಚಾರವೆಲ್ಲ ಕಲಿಸಿದ್ದೇವೆ, ಕೇಳುವುದರಲ್ಲಿ ಅದು ತಪ್ಪುವುದಿಲ್ಲ ಎಂದು ಹೇಳಿ, ಯಮನವ್ವನ ಮಾತಿನ ಧ್ವನಿಮುದ್ರಣ ಹಾಕಿದರು.

‘ನಿಮ್ಮ ಮನೆಯಲ್ಲಿ ಜೋಳ ಎಷ್ಟಿದೆ?’ ಎಂದು ಕಂಬ ಕೇಳಿತು.

‘ಜ್ವಾಳ ಹೆಚ್ಚಾಗ್ಯಾವಪಾ. ಲಗೂನ ಕಳಸು’ ಎಂದು ಯಮನವ್ವನ ದನಿ ಹೇಳಿತು.

ಅದರ ಕೆಳಗೆ ಪರದೆಯ ಮೇಲೆ ಯಂತ್ರದ ತಿಳಿವಳಿಕೆ ಮೂಡಿತು: ಜೋಳ ಅಗತ್ಯಕ್ಕಿಂತ ಹೆಚ್ಚಿದೆ, ಬೇಗ ಬೇರೆಡೆಗೆ ಕಳುಹಿಸಲು ಮನೆಯವರ ಕೋರಿಕೆ.

ನನಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ನಮ್ಮಲ್ಲಿ ಯಾವ ಹೆಂಗಸು ತನ್ನ ಮನೆಯಲ್ಲಿ ಜೋಳ ಇಲ್ಲ ಅನ್ನುತ್ತಾಳೆ? ಕೈಬಳೆ ಒಡೆದರೆ ಬಳೆ ಹೆಚ್ಚಾಯಿತು ಅನ್ನುತ್ತೇವೆ. ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಅನ್ನುತ್ತೇವೆ. ಉಪ್ಪು, ಎಣ್ಣೆ, ಅರಿಸಿನ, ಕಾಳು ಮುಗಿದರೆ ಹೆಚ್ಚಾಯಿತು ಅನ್ನುತ್ತೇವೆ. ಇಲ್ಲ ಅಂದರೆ ಅದೇ ಮನೆಯಲ್ಲಿ ನಿಂತುಬಿಡುತ್ತದೆ ಎಂಬ ಅಂಜಿಕೆ. ನನ್ನ ಖೋಲಿಯಲ್ಲಿ ಅವರು ಹೆಚ್ಚಾಗ್ಯಾವ ಅಂದಾಗ ನನ್ನ ಬೆರಳು ತಾನಾಗಿಯೇ ‘ಇಲ್ಲ’ ಎಂಬ ಗುಂಡಿ ಒತ್ತುತ್ತಿತ್ತು. ಹಾಗೆ ಒತ್ತುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಕಂಬಕ್ಕೆ ನಮ್ಮ ಉಚ್ಚಾರ ಕಲಿಸಿದ್ದರು, ನಮ್ಮ ಅಂಜಿಕೆ ಕಲಿಸಿರಲಿಲ್ಲ.

ಇದನ್ನೆಲ್ಲ ಹೇಳಿದೆ. ವಿಭಾಕರ ಹಣೆ ಒತ್ತಿಕೊಂಡರು. ತಮ್ಮ ಅಜ್ಜಿಯೂ ಬಳೆ ಒಡೆದಾಗ ಹಾಗೆಯೇ ಅನ್ನುತ್ತಿದ್ದರಂತೆ. ಆದರೆ ಒಂದು ಮಾತಿಗೆ ಎದುರುಬದುರು ಎರಡು ಅರ್ಥ ಇಟ್ಟರೆ ರಾಜ್ಯದ ಲೆಕ್ಕವೆಲ್ಲ ಕಲಸಿಹೋಗುತ್ತದೆ, ನಿಜವಾಗಿ ಹೆಚ್ಚಿದ್ದವರೂ ಇದೇ ನೆಪ ಹೇಳುತ್ತಾರೆ, ಊರಿಗೊಂದು ಅರ್ಥ ಕಲಿಸುತ್ತ ಹೋದರೆ ಯಂತ್ರ ಮುಗಿಯುವುದೇ ಇಲ್ಲ ಅಂದರು. ಅದಕ್ಕಿಂತ ಸುಲಭದ ದಾರಿ, ಮುಂದಿನ ವಾರ ನಿಮ್ಮೂರಲ್ಲಿ ಸ್ಪಷ್ಟ ಕನ್ನಡ ಶಿಬಿರ ಮಾಡುತ್ತೇವೆ. ಇಲ್ಲ, ಮುಗಿದಿದೆ, ಖಾಲಿ, ಈ ಮೂರರಲ್ಲಿ ಯಾವುದನ್ನಾದರೂ ಒಂದೇ ಒಂದು ಸಲ ಕಂಬದೆದುರು ಹೇಳಿ. ಮರುದಿನ ಜೋಳ ನಿಮ್ಮ ಬಾಗಿಲಲ್ಲಿ ಎಂದರು.

ಯಮನವ್ವ ಅಲ್ಲಿಯವರೆಗೆ ಚಹಾ ಮುಟ್ಟಿರಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

‘ಸಾಹೇಬ್ರ, ನಮ್ಮ ಮನ್ಯಾಗ ತೊಟ್ಲ ಕಟ್ಟೇತಿ. ತೊಟ್ಲದ ಮನ್ಯಾಗ ಇಲ್ಲ ಅನ್ನು ಮಾತ ಆಡಂಗಿಲ್ರಿ. ನಮ್ಮವ್ವ ಆಡ್ಲಿಲ್ಲ, ಅವರವ್ವ ಆಡ್ಲಿಲ್ಲ. ನಿಮ್ಮ ಕಂಬಕ್ಕ ಕಿವಿ ಸರಿ ಇಲ್ಲಂದ್ರ ನನ್ನ ಬಾಯಿ ಯಾಕ ಕೆಡಿಸಿಕೊಳ್ಳಲಿ? ಕೇಳಾಕ ಬಂದಾಂವ ಕಲೀಬೇಕು.’

ಬಸ್ಸಿನಲ್ಲಿ ಬರುತ್ತ ನಾನು ಅವಳಿಗೆ ಬೈದೆ. ಹೆಮ್ಮೆ ಹೊಟ್ಟೆ ತುಂಬಿಸುತ್ತದೇನೆ, ಕೂಸಿನ ಮುಖ ನೋಡಿ ಒಂದು ಮಾತು ಅಂದು ಮುಗಿಸು, ಹೊರಗೆ ಕಂಬದ ಮುಂದೆ ಅಂದರೆ ಒಲೆಗೇನು ಕೇಳಿಸುತ್ತದೆ ಎಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ನನಗೂ ಸಿಟ್ಟು ಇಳಿಯಲಿಲ್ಲ. ಊರಲ್ಲಿ ಇಳಿದವಳೇ ಸೀದಾ ಕಂಬದ ಮುಂದೆ ನಿಂತೆ. ನನ್ನ ಮನೆಯಲ್ಲಿ ತೊಟ್ಟಿಲಿಲ್ಲ, ಗಂಡನಿಲ್ಲ, ಅಂಜುವುದಕ್ಕೆ ಏನಿದೆ, ನಾನಾದರೂ ಹೇಳಿ ಜೋಳ ತರಿಸಿ ಅವಳ ಗಡಿಗೆಗೆ ಸುರಿಯೋಣ ಅಂದುಕೊಂಡೆ. ನಿಮ್ಮ ಮನೆಯಲ್ಲಿ ಜೋಳ ಎಷ್ಟಿದೆ ಎಂದು ಕಂಬ ಕೇಳಿತು. ನಾಲಗೆ ಹೊರಳಲಿಲ್ಲ. ನನ್ನ ಅವ್ವ ಮಡಿಲಲ್ಲಿ ನನ್ನನ್ನು ಕೂರಿಸಿಕೊಂಡು, ಖಾಲಿ ಗಡಿಗೆ ಬೋರಲು ಹಾಕದೆ ತಳದಲ್ಲಿ ನಾಲ್ಕು ಕಾಳು ಬಿಟ್ಟು ಮುಚ್ಚುತ್ತಿದ್ದದ್ದು ಕಣ್ಣಿಗೆ ಬಂತು. ಕಂಪ್ಯೂಟರ್ ಕಲಿತ ಸುಗಲಾಬಾಯಿ ಕಂಬದ ಮುಂದೆ ಬಾಯಿ ತೆರೆದು ನಿಂತಳು, ಆಮೇಲೆ ‘ಹೆಚ್ಚಾಗ್ಯಾವ’ ಅಂದಳು. ಕಂಬ ಅಭಿನಂದಿಸಿತು.

ಆವಾಗ ನನ್ನ ಸಿಟ್ಟು ಯಮನವ್ವನನ್ನು ಬಿಟ್ಟು ಹೋಗಬೇಕಾದ ಕಡೆ ಹೋಯಿತು. ಹೆಚ್ಚಿದ್ದ ಊರಿಗೆ ಲಾರಿ ಬರುತ್ತದಲ್ಲವೇ? ಬರಲಿ. ಕಿವಿ ಬಂದವರಿಗೆ ಕಣ್ಣೂ ಬರಲಿ.

ಓಣಿಯ ಹೆಂಗಸರನ್ನು ಯಮನವ್ವನ ಕಟ್ಟೆಗೆ ಕರೆದೆ. ಯಾರೂ ಯಾರ ಮೇಲೂ ಚಾಡಿ ಹೇಳಿಲ್ಲ, ನಮ್ಮ ಮಾತೇ ನಮಗೆ ತಿರುಗಿಬಿದ್ದಿದೆ ಎಂದು ಬಿಡಿಸಿ ಹೇಳಿದೆ. ಕೆಲವರು ಶಿಬಿರಕ್ಕೆ ಹೋಗಿ ಅಂದುಬಿಡೋಣ ಅಂದರು. ಒಳಗಿಂದ ಕೂಸು ಅತ್ತಿತು. ಲಗಮವ್ವ ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಮುಖದಲ್ಲಿ ಮೂಳೆ ಕಾಣುತ್ತಿತ್ತು. ನನ್ನ ಸಲುವಾಗಿ ಯಾರೂ ಆ ಮಾತು ಆಡಬೇಡಿ, ನಾನು ತಡೆಯುತ್ತೇನೆ, ಆದರೆ ಬೇಗ ಏನಾದರೂ ಮಾಡಿ ಅಂದಳು. ಆಮೇಲೆ ಯಾರೂ ಶಿಬಿರದ ಮಾತೆತ್ತಲಿಲ್ಲ. ಇದ್ದವರು ಇದ್ದಷ್ಟು ಹಿಟ್ಟನ್ನು ಸೆರಗಿನಲ್ಲಿ ತಂದು ಬಾಣಂತಿಗೆಂದು ಸುರಿದು ಹೋದರು.

ಮರುದಿನದಿಂದ ಶುರುವಾಯಿತು. ನೀರಿಗೆ ಹೋಗುವಾಗ ಕಂಬದ ಮುಂದೆ ನಿಂತು ಜ್ವಾಳ ಹೆಚ್ಚಾಗ್ಯಾವ ಎಂದರು. ಬರುವಾಗ ಎಣ್ಣಿ ಹೆಚ್ಚಾಗೈತಿ ಎಂದರು. ಉಪ್ಪು, ಬೇಳೆ, ಬೆಲ್ಲ ಎಲ್ಲ ಹೆಚ್ಚಾದವು. ಹೊಲಕ್ಕೆ ಹೋಗುವವರು, ಕೂಲಿಯಿಂದ ಬರುವವರು, ಸುಮ್ಮನೆ ಹಾಯುವವರು, ಎಲ್ಲರದೂ ಒಂದೇ ಮಾತು. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಂಬ ಪ್ರತಿಯೊಬ್ಬರನ್ನೂ ಅಭಿನಂದಿಸಿ ಅಭಿನಂದಿಸಿ ಬ್ಯಾಟರಿ ಬಿಸಿಮಾಡಿಕೊಂಡಿತು. ಶಿಬಿರದವರು ಬಂದು ಶಾಲೆಯ ಅಂಗಳದಲ್ಲಿ ಮೈಕು ಹಾಕಿ ಇಲ್ಲ ಅನ್ನಿ, ಖಾಲಿ ಅನ್ನಿ ಎಂದು ಹೇಳಿಕೊಟ್ಟರು. ಹೆಂಗಸರು ಬಾಯಲ್ಲಿ ಸೆರಗು ಇಟ್ಟುಕೊಂಡು ಕೇಳಿಸಿಕೊಂಡು, ಎದ್ದು, ಕಂಬದ ಮುಂದೆ ಹೋಗಿ ಹೆಚ್ಚಾಗ್ಯಾವ ಅಂದರು.

ರಾಜ್ಯಕ್ಕೆಲ್ಲ ಎರೆಗೋನಾಳವೇ ಅತಿ ಸಮೃದ್ಧ ಊರೆಂದು ಯಂತ್ರ ತಾನೇ ತೀರ್ಮಾನಿಸಿತು. ತಾನೇ ಲಾರಿಗಳಿಗೆ ಅಪ್ಪಣೆ ಕೊಟ್ಟಿತು. ಪ್ರಶಸ್ತಿಯನ್ನೂ ಘೋಷಿಸಿತು. ವಿಭಾಕರರು ತಡೆಯಲು ನೋಡಿದರಂತೆ, ಆದರೆ ಯಂತ್ರದ ತೀರ್ಮಾನವನ್ನು ಮನುಷ್ಯ ಕೈಯಿಂದ ತಿದ್ದಬಾರದು ಎಂಬ ನಿಯಮ ಬರೆದವರೂ ಅವರೇ. ಲಂಚ ತಡೆಯುವುದಕ್ಕೆಂದು ಬರೆದಿದ್ದರಂತೆ. ಲೆಕ್ಕ ತಿದ್ದಬೇಕೆಂದರೆ ಅಧಿಕಾರಿ ಊರಿಗೇ ಹೋಗಿ, ಕಣ್ಣಾರೆ ನೋಡಿ, ಅಲ್ಲಿನ ಕಂಬಕ್ಕೆ ತನ್ನ ದನಿಯಲ್ಲೇ ಹೇಳಬೇಕು.

ಹೀಗಾಗಿ ಒಂದು ಮುಂಜಾನೆ ಲಾರಿಗಳ ಸಾಲು ಬಂತು, ಹಿಂದೆ ವಿಭಾಕರರ ಜೀಪು. ಮೊದಲ ಲಾರಿಯಲ್ಲಿ ಬೇರೆ ಊರಿಂದ ಎತ್ತಿದ ಜೋಳದ ಚೀಲಗಳಿದ್ದವು, ಉಳಿದವು ನಮ್ಮದನ್ನು ತುಂಬಿಕೊಳ್ಳಲು ಬಾಯಿ ತೆರೆದುಕೊಂಡು ನಿಂತವು. ನಾವು ಅಂಗಳ ಸಾರಿಸಿ ರಂಗೋಲಿ ಹಾಕಿದ್ದೆವು. ಬರ್ರಿ, ಹೆಚ್ಚಾಗಿದ್ದನ್ನ ತುಂಬಿಕೊಳ್ರಿ ಎಂದು ಪ್ರತಿ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಕರೆದಳು. ಸಾಹೇಬರು ಒಂದೊಂದೇ ಮನೆ ಹೊಕ್ಕರು. ಪ್ರತಿ ಮನೆಯಲ್ಲೂ ನಾವು ಗಡಿಗೆಯ ಮುಚ್ಚಳ ತೆಗೆದು ತೋರಿಸಿದೆವು. ಅವರು ಬಾಗಿ ನೋಡಿದರು. ಮೊದಮೊದಲು ಕ್ಷಮಿಸಿ ಅನ್ನುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು.

ಕೊನೆಗೆ ಯಮನವ್ವನ ಮನೆ. ಒಳಗೆ ತೊಟ್ಟಿಲು. ಯಮನವ್ವ ಗಡಿಗೆಯನ್ನು ಅವರ ಮುಂದೆ ಎಳೆದಳು. ವಿಭಾಕರ ಕೈ ಇಳಿಸಿದರು. ಮೊಣಕೈಯವರೆಗೂ ಹೋಯಿತು. ತಳದಲ್ಲಿ ಬೆರಳಾಡಿಸಿ ಮೇಲೆತ್ತಿದರೆ ಅಂಗೈಯಲ್ಲಿ ನಾಲ್ಕು ಕಾಳು.  ಲಗಮವ್ವ ಎದೆಯಿಂದ ಕೂಸನ್ನು ಬಿಡಿಸಿ ಹೆಗಲ ಮೇಲೆ ಹಾಕಿಕೊಂಡಳು. ಅದು ಅಳುವ ಶಕ್ತಿಯಿಲ್ಲದೆ ಕೆರಕೆರ ಎಂದು ಸದ್ದು ಮಾಡುತ್ತಿತ್ತು. ಸಾಹೇಬರು ಆ ನಾಲ್ಕೂ ಕಾಳನ್ನು ಮತ್ತೆ ಗಡಿಗೆಯೊಳಗೇ ಬಿಟ್ಟು ಮುಚ್ಚಿದರು. ಅವರ ಅಜ್ಜಿ ಅವರೊಳಗೆ ಇನ್ನೂ ಸತ್ತಿಲ್ಲ ಎಂದು ನನಗೆ ಆಗ ತಿಳಿಯಿತು.

ಕಂಬವಿದ್ದದ್ದು ಯಮನವ್ವನ ಬಾಗಿಲಿಗೆ ಎದುರೇ. ಸಾಹೇಬರು ಹೊಸ್ತಿಲ ಮೇಲಿಂದಲೇ ತಮ್ಮ ಹೆಸರು ಹೇಳಿದರು. ಈ ಮನೆಯಲ್ಲಿ ಜೋಳ ಎಷ್ಟಿದೆ ಎಂದು ಕಂಬ ಕೇಳಿತು. ಊರೆಲ್ಲ ನೆರೆದಿತ್ತು. ಅವರು ಬಾಯಿ ತೆರೆದರು. ಬೆನ್ನ ಹಿಂದೆ ತೊಟ್ಟಿಲಿತ್ತು.

‘ಯಪ್ಪಾ, ನಮ್ಮ ಹೊಸ್ತಲದ ಮ್ಯಾಲ ನಿಂತೀರಿ. ನೋಡಿ ಮಾತಾಡ್ರಿ’ ಎಂದಳು ಯಮನವ್ವ.

ಸಾಹೇಬರು ಹಿಂದೆ ತಿರುಗಿ ಕೂಸನ್ನು ನೋಡಿದರು. ಮುಂದೆ ತಿರುಗಿ ಕಂಬವನ್ನು ನೋಡಿದರು. 

‘ಹೆಚ್ಚಾಗಿದೆ’ ಎಂದರು.

ಅಧಿಕಾರಿಗಳ ದೃಢೀಕರಣಕ್ಕೆ ಧನ್ಯವಾದಗಳು, ಇನ್ನಷ್ಟು ಲಾರಿಗಳನ್ನು ಕಳುಹಿಸಲಾಗುತ್ತಿದೆ ಎಂದಿತು ಕಂಬ.

ಊರಿಗೆ ಊರೇ ನಕ್ಕಿತು. ಲಗಮವ್ವ ನಕ್ಕಳು. ಸಾಹೇಬರೂ ನಕ್ಕು, ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಚೀಲ ಹೇರಿದ ಲಾರಿಯವನು ತನ್ನ ಪಾಡಿಗೆ ಎಂಜಿನ್ ಶುರುಮಾಡಿದ. ಯಮನವ್ವ ಹೋಗಿ ಅದರ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಳು. ಅವಳ ಪಕ್ಕ ನಾನು ಕೂತೆ. ನಮ್ಮ ಪಕ್ಕ ಓಣಿ ಕೂತಿತು. ಕಂಬ ಕಲಿಯುವವರೆಗೆ ಒಂದು ಗಾಲಿಯೂ ಉರುಳುವುದಿಲ್ಲ ಎಂದೆವು.

ವಿಭಾಕರ ಕೇಂದ್ರಕ್ಕೆ ಫೋನು ಹಚ್ಚಿದರು. ಯಂತ್ರದ ತೀರ್ಮಾನ ತಿದ್ದಬಾರದೆಂದು ನಿಯಮವಿದೆ, ಯಂತ್ರಕ್ಕೆ ಪಾಠ ಹೇಳಬಾರದೆಂದು ಇಲ್ಲವಲ್ಲ ಎಂದು ಅಲ್ಲಿನವರ ಜೊತೆ ವಾದ ಮಾಡಿದರು. ಆಮೇಲೆ ಕಂಬದ ಎದೆ ಬಿಚ್ಚಿ ಕಲಿಕೆಯ ಗುಂಡಿ ಒತ್ತಿದರು. ನನ್ನ ತಗಡಿನ ಖೋಲಿಯ ಬೀಗ ತೆಗೆಸಿ ನನ್ನ ಹಳೆಯ ಕಂಪ್ಯೂಟರನ್ನೇ ಅದಕ್ಕೆ ಜೋಡಿಸಿದರು. ಹೆಂಗಸರು ಒಬ್ಬೊಬ್ಬರಾಗಿ ನಿಂತು ಹೇಳಿದರು, ಹೇಳಿದ್ದಕ್ಕೆಲ್ಲ ನಾನು ಅರ್ಥ ಒತ್ತಿದೆ. ಮಳೆ ಹೆಚ್ಚಾಯಿತು ಎಂದರೆ ಹೆಚ್ಚಾಯಿತು. ಸಾಲೆಯಲ್ಲಿ ಹುಡುಗರು ಹೆಚ್ಚಾದರು ಎಂದರೆ ಹೆಚ್ಚಾದರು. ಒಲೆ, ಗಡಿಗೆ, ದೀಪ, ಬಳೆಯ ಮಾತಿನಲ್ಲಿ ಹೆಚ್ಚಾಯಿತು ಎಂದರೆ ತುಂಬಿಸು ಎಂದರ್ಥ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಮನವ್ವ ಮತ್ತೊಮ್ಮೆ ನಿಂತು ತನ್ನ ಮಾತು ಹೇಳಿದಳು. ಕಂಬ ಈ ಸಲ ಅಭಿನಂದಿಸಲಿಲ್ಲ. ತಡವಾಯಿತು, ಈಗಲೇ ಇಳಿಸುತ್ತೇವೆ ಅಂದಿತು. ಮೊದಲ ಚೀಲ ಅವಳ ಬಾಗಿಲಲ್ಲೇ ಇಳಿಯಿತು. ಆ ಸಂಜೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಮನಸಾರೆ ಅತ್ತೆ.

ಈಗ ಕೂಸು ಅಂಬೆಗಾಲಿಡುತ್ತದೆ, ಕಂಬ ಹಿಡಿದು ನಿಲ್ಲುತ್ತದೆ. ಕಂಬವೂ ನಮ್ಮ ಭಾಷೆಯಲ್ಲಿ ಪಳಗಿದೆ. ಎಷ್ಟು ಪಳಗಿದೆಯೆಂದರೆ, ಮೊನ್ನೆ ತಿಂಗಳ ಮೊದಲಿಗೆ ಯಮನವ್ವ ಜೋಳ ಕೇಳಿದಾಗ ಅದು ಒಂದು ಕ್ಷಣ ತಡವರಿಸಿ, ‘ಯವ್ವಾ, ಗೋದಾಮಿನ್ಯಾಗ ಜ್ವಾಳ ಹೆಚ್ಚಾಗ್ಯಾವ’ ಎಂದಿತು.

 ಸರಕಾರ ನಮ್ಮ ಮಾತನ್ನೇ ಕಲಿತು ನಮಗೇ ಕೈ ತೋರಿಸಿತೇ ಎಂದು ಬೈಯಲು ಬಾಯಿ ತೆರೆದೆ. ಯಮನವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳನ್ನು ಬಗಲಿಗೇರಿಸಿಕೊಂಡು, ಕಂಬದ ಜಾಲರಿಗೆ ಮುಖ ಹಚ್ಚಿದಳು.

‘ಮಾತ ಕಲ್ತಿ, ಚಲೋ ಆತು. ಇನ್ನ ಅರ್ಧ ಪಾಠ ಐತಿ, ಕೇಳು. ನಮ್ಮಾಗ ಹೆಚ್ಚಾತು ಅಂದಾಕಿ ಕೈಕಟಗೊಂಡ ಕೂಡಂಗಿಲ್ಲ. ಬಟ್ಟಲಾ ಹಿಡಕೊಂಡು ನೆರಮನಿಗಿ ಕಡಾ ತರಾಕ ಹೋಗ್ತಾಳ. ಏಳು, ನಡಿ.’

 ಯಮನವ್ವ ಅಲ್ಲಿಂದ ಕದಲಲಿಲ್ಲ. ನಾನೂ ಕದಲಲಿಲ್ಲ. ನಮ್ಮ ಹಿಂದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಲ್ಲತೊಡಗಿದರು. ಕೊನೆಗೆ ಜಾಲರಿಯೊಳಗಿಂದ ದನಿ ಬಂತು.

‘ಪಕ್ಕದ ತಾಲೂಕಿನ ಗೋದಾಮಿಗೆ ಕಡಾ ಕೇಳೇನ್ರಿ. ಲಾರಿ ಹೊಂಟೈತಿ. ಬರ್ತೀನ್ರಿ, ಯವ್ವಾ.’